ಆರಿಸಿದ ಕರ್ಪೂರ

ಕಟ್ಟೆಮಳಲವಾಡಿ
28 ಆಗಸ್ಟ್ 2024

ಮುದ್ದಿನ ಮಗಳು ಸೌಂದರ್ಯಳಿಗೆ ಅವ್ವ ಮಾಡುವ ಆಶೀರ್ವಾದ.

ಹೇಗಿದ್ದೀಯ? ಕೋಟೆ ಪಟ್ಟಣದ ಹಾಸ್ಟೆಲ್ ನೀರಿಗೆ ಕೂದಲು ಉದುರುತ್ತದೆ ಎಂದು ಬರೆದಿದ್ದೆ, ನಿಂತಿತೆ? ಎಣ್ಣೆ ಹಚ್ಚಿಕೋ, ಸೋಮಾರಿ ಕಣೆ ನೀನು. ನಿಮ್ಮಪ್ಪ ಮೊನ್ನೆ ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಬಂದರು. ಗಾಬರಿ ಬೀಳಬೇಡ. ವಾರ್ಡನ್ ಫೋನಿನಲ್ಲಿ ಇದನ್ನೆಲ್ಲ ಹೇಳಲಾಗದು ಎಂದು ಬರೆಯುತ್ತಿದ್ದೇನೆ. ನನಗೆ ಏನೂ ಅನ್ನಿಸುತ್ತಿಲ್ಲ, ಕೈ ಬರೆಯುತ್ತಿದೆ ಅಷ್ಟೆ.

ಜುಲೈನಲ್ಲಿ ಪೋಷಕರ ಸಭೆಗೆ ಬಂದು ನಿಮ್ಮ ಗೇಟಿನ ಮುಂದೆ ಬಿದ್ದರಲ್ಲ, ಆಗ "ಕುಡಿದು ಬಂದಿದ್ದರು, ಇನ್ನು ಅಪ್ಪನನ್ನು ಕಳಿಸಬೇಡ" ಎಂದು ನೀನು ಬರೆದೆ. ಎರಡು ವರ್ಷದ ಹಿಂದೆ ಬಿಟ್ಟವರು ಮತ್ತೆ ಶುರುಮಾಡಿದರು, ನಾಯಿ ಬಾಲ ನೆಟ್ಟಗಾದೀತೇ ಎಂದು ಊರೂ ನಕ್ಕಿತು. "ನಾ ಕುಡ್ದಿಲ್ಲ ಕಣಮ್ಮಿ, ಕಣ್ ಕತ್ಲೆ ಬಂತು" ಅಂದರು ನಿಮ್ಮಪ್ಪ. ನಾನು ಕರ್ಪೂರ ಹಚ್ಚಿ ಮುಂದಿಟ್ಟೆ. ಅಂಗೈಯಲ್ಲಿ ಆರಿಸಿ ಆಣೆ ಮಾಡಿದರು. ವಾರ ಕಳೆಯುವುದರೊಳಗೆ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಕಡ್ಡಿಗೆ ಎಲೆ ಕಟ್ಟುತ್ತಿದ್ದವರು ಮತ್ತೆ ದಬಕ್ಕನೆ ಬಿದ್ದರು. ನಿಮ್ಮಜ್ಜಿ ಸಾಕಮ್ಮ, "ಸುಳ್ಳಾಣೆ ಮಾಡ್ದ, ದ್ಯಾವ್ರು ಸುಮ್ಕೆ ಬುಟ್ಟಾನಾ?" ಎಂದು ಹೆತ್ತ ಮಗನಿಂದಲೇ ತಪ್ಪುಕಾಣಿಕೆ ಕಟ್ಟಿಸಿದರು. ಹಣೆಯ ಗಾಯಕ್ಕೆ ಅರಿಶಿನ ಮೆತ್ತಿ ಮಲಗಿಸಿದೆವು. ಆಸ್ಪತ್ರೆಯ ಮಾತು ಯಾರೂ ಎತ್ತಲಿಲ್ಲ.

ಮೂರನೇ ಸಲ ಬಿದ್ದವರು ಬೇಗ ಏಳಲಿಲ್ಲ. ನಿನ್ನ ಸೋದರಮಾವ ವೆಂಕಟೇಶ್ ಕಾರಿನಲ್ಲಿ ಮೈಸೂರಿಗೆ ಸಾಗಿಸಿದ. ಗುಂಡಿಗೆ ಬಡಿತ ನಡುನಡುವೆ ನಿಂತೇ ಹೋಗುತ್ತಿತ್ತಂತೆ. ಎದೆಗೆ ಪೇಸ್‌ಮೇಕರ್ ಕೂರಿಸಿದರು. ನಲವತ್ತೆರಡಕ್ಕೇ ಹೀಗೇಕೆ ಎಂದು ಒಬ್ಬ ಡಾಕ್ಟರಮ್ಮ ಮಾತ್ರ ಬಿಡಲಿಲ್ಲ. ಸ್ಕ್ಯಾನ್ ಮಾಡಿಸಿ, ಎದೆಯೊಳಗಿನ ಗಂಟಿನ ಚೂರು ತೆಗೆದು ಪರೀಕ್ಷಿಸಿದರು. ಸಾರ್ಕಾಯಿಡ್ ಎಂಬ ಉರಿಯೂತದ ಕಾಯಿಲೆ, ಗುಂಡಿಗೆಗೂ ಹತ್ತಿ ಬಡಿತದ ದಾರಿಯನ್ನೇ ಕೆಡಿಸಿದೆ ಎಂದರು. ಕುಡಿತದಿಂದ ಬರುವುದಲ್ಲವಂತೆ, ನಾನು ಎರಡು ಸಲ ಕೇಳಿದೆ. ಈಗ ಮಾತ್ರೆ ನುಂಗುತ್ತಿದ್ದಾರೆ, ಅದರಿಂದ ಮುಖ ಊದಿದೆ, ಹಸಿವು ಜಾಸ್ತಿ. ಡಾಕ್ಟರಮ್ಮ ಹೇಳುವಾಗ ಅಳಬೇಕಿತ್ತು, ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದೆ.

ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು. ವಾರ್ಡನ್ ಪ್ರಮೀಳಾ ಅವರಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅವ್ವ,
ರೂಪಶ್ರೀ

ಇನ್ನೊಂದು ಮಾತು. ಬ್ಯಾರನ್ ಮುಂದೆ ಬಿದ್ದಾಗ ನಾನು ಮೊದಲು ಮಾಡಿದ್ದು ಅವರ ಬಾಯಿ ಮೂಸಿದ್ದು. ವಾಸನೆ ಇರಲಿಲ್ಲ. ಅದನ್ನು ನಿಮ್ಮಜ್ಜಿಗೆ ಹೇಳಲಿಲ್ಲ, ನಿನಗೂ ಬರೆಯಲಿಲ್ಲ. ಭಾನುವಾರದ ಪೋಷಕರ ಸಭೆಗೆ ವೆಂಕಟೇಶ್ ಮಾವನ ಜೊತೆ ಅವರನ್ನೇ ಕಳಿಸುತ್ತೇನೆ. ಹೊರಗೆ ಬಂದು ಅಪ್ಪನ ಕೈ ಹಿಡಿದುಕೋ. ಸಿಟ್ಟು ನನ್ನ ಮೇಲಿರಲಿ.