ತಲಘಟ್ಟಪುರದ ಹತ್ತು ತಾಸು

ವಸಂತಪುರ
೧೨ ಆಗಸ್ಟ್ ೨೦೨೫

ನನ್ನವರಿಗೆ, ನಿಮ್ಮ ಮಧು ಮಾಡುವ ನಮಸ್ಕಾರಗಳು.

ಬರೆಯಲು ತಡವಾಯಿತು, ಬೇಸರಪಡಬೇಡಿ. ಫೋನಿನಲ್ಲಿ ನೀವು ‘ಊಟ ಆತು, ಇಡ್ತೀನಿ’ ಎನ್ನುವಷ್ಟರಲ್ಲಿ ನನ್ನ ಮಾತು ಹೇಳದೆಯೇ ಉಳಿಯುತ್ತದೆ. ಅದಕ್ಕೇ ಈ ಪತ್ರವನ್ನು ನಿಮ್ಮ ಲಾರಿಯ ಲೋಡಿನ ಕಾಗದಗಳ ನಡುವೆ ಇಟ್ಟಿದ್ದೇನೆ. ಅವಕ್ಕೆ ಸಹಿ ಹಾಕದೆ ಗಾಡಿ ಹೊರಡುವಂತಿಲ್ಲ, ಇನ್ನು ಎಲ್ಲಿ ತಪ್ಪಿಸಿಕೊಳ್ಳುತ್ತೀರಿ?

ಇಲ್ಲಿ ಎಲ್ಲ ಕ್ಷೇಮ. ಮನೆಯ ಓನರ್ ಲಕ್ಷ್ಮಮ್ಮನವರು ಮೊನ್ನೆ ಹುರುಳಿಕಾಯಿ ಕೊಡುತ್ತ, ‘ನಿಮ್ ಯಜಮಾನ್ರು ಮನೆ ದಾರಿ ಮರ್ತುಬಿಟ್ರೇನಮ್ಮ?’ ಎಂದು ಕೇಳಿದರು. ‘ಡ್ಯೂಟಿ ಜಾಸ್ತಿ ಐತ್ರಿ ಆಂಟಿ’ ಎಂದೆ. ನಂಬಿದರೋ ಇಲ್ಲವೋ.

ಲಾರಿಗಳಿಗೆ ದಿನಚರಿ ಬರೆಯುವ ಆ ಮಷೀನು ಕೂರಿಸಿದ ಮೇಲೆ ನಮ್ಮ ಬಿಟಿಎಂ ಆಫೀಸಿನಲ್ಲಿ ನಲವತ್ತು ಡ್ರೈವರುಗಳ ದಿನಚರಿ ನನ್ನ ಪರದೆಯ ಮೇಲೆಯೇ. ಚಕ್ರ ಉರುಳಿದರೆ ಅದು ತಾನೇ ‘ಚಾಲನೆ’ ಎಂದು ಬರೆದುಕೊಳ್ಳುತ್ತದೆ. ಲೋಡಿಂಗ್ ಇದ್ದರೆ ‘ಕೆಲಸ’, ಗಾಡಿಯಲ್ಲೇ ಮಲಗಿದರೆ ‘ಕ್ಯಾಬಿನ್’, ಮನೆಗೆ ಹೋದರೆ ‘ಬಿಡುವು’ ಎಂದು ನೀವು ಒತ್ತಬೇಕು. ನಿಮ್ಮ ಗೆಳೆಯ ಹನಮಂತಣ್ಣ ಚಹಾಕ್ಕೆ ನಿಂತರೂ ನನಗೆ ಕಾಣುತ್ತದೆ. ಆದರೆ ಬೆಳಿಗ್ಗೆ ನಾನು ಮೊದಲು ತೆರೆಯುವುದು ನಿಮ್ಮ ಹೆಸರನ್ನೇ. ಎದುರಿಗೆ ಒಮ್ಮೆಯೂ ಹೆಸರು ಹಿಡಿದು ಕರೆಯದವಳು, ಅಲ್ಲಿ ದಿನಕ್ಕೆ ಹತ್ತು ಸಲ ‘ಸಂಗಮೇಶ’ ಎಂದು ಟೈಪ್ ಮಾಡುತ್ತೇನೆ. ಶಿರಾ ದಾಟಿದಿರಿ, ಹಿರಿಯೂರು ದಾಟಿದಿರಿ ಎಂದು ನೋಡುತ್ತ ಕೂರುತ್ತೇನೆ. ಮೂರು ತಿಂಗಳಿಂದ ನಿಮ್ಮ ದಿನಚರಿಯಲ್ಲಿ ‘ಬಿಡುವು’ ಒಂದೂ ಇಲ್ಲ. ನಿಮ್ಮ ನೆನಪು ಬಹಳ ಕಾಡುತ್ತದೆ ರೀ.

ಹೊತ್ತಿಗೆ ಸರಿಯಾಗಿ ಉಣ್ಣಿ. ದಾರಿಯುದ್ದಕ್ಕೂ ಎಲ್ಲಮ್ಮ ತಾಯಿ ನಿಮ್ಮನ್ನು ಕಾಯಲಿ.

ನಿಮ್ಮ
ಮಧುಮತಿ

ತಾ.ಕ.: ಹೋದ ಶನಿವಾರ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ನಿಮ್ಮ ಗಾಡಿ ತಲಘಟ್ಟಪುರದಲ್ಲಿ ನಿಂತಿತ್ತು. ‘ಕ್ಯಾಬಿನ್’ ಎಂದು ಒತ್ತಿದ್ದೀರಿ. ಅಲ್ಲಿಂದ ಮನೆಗೆ ಆಟೋದಲ್ಲಿ ಹದಿನೈದು ನಿಮಿಷ. ಅಂದು ನನಗೆ ರಜೆ, ರೊಟ್ಟಿ ಬಡಿಯುತ್ತ ಮನೆಯಲ್ಲೇ ಇದ್ದೆ. ನಿನ್ನೆ ಪರದೆ ತೆರೆದಾಗಲೇ ತಿಳಿದದ್ದು.

ನಮ್ಮ ಮಗು ಉಳಿಯದ ದಿನ, ಲೋಡು ಇಳಿಸಿ ಓಡಿ ಬಂದ ನಿಮಗೆ ಆಸ್ಪತ್ರೆಯಲ್ಲಿ ‘ಈಗ್ಯಾಕ ಬಂದ್ರಿ’ ಎಂದುಬಿಟ್ಟೆ. ಆ ಮಾತೇ ನಿಮ್ಮನ್ನು ಹೊರಗೆ ನಿಲ್ಲಿಸಿದೆ ಎಂದು ಗೊತ್ತು. ಅದು ಸಂಕಟದಲ್ಲಿ ಬಂದ ಮಾತು. ನಿಮ್ಮ ಮೇಲಿನ ಸಿಟ್ಟಲ್ಲ.

ಇವತ್ತು ಆ ಹತ್ತು ತಾಸನ್ನು ‘ಬಿಡುವು, ಮನೆ’ ಎಂದು ತಿದ್ದಿ ನಿಮ್ಮ ಮಷೀನಿಗೆ ಕಳಿಸಿದ್ದೇನೆ. ಡ್ರೈವರು ಒಪ್ಪದೆ ಆಫೀಸಿನ ತಿದ್ದುಪಡಿ ದಾಖಲಾಗುವುದಿಲ್ಲ, ಅದು ನಿಯಮ. ಸುಳ್ಳೆಂದು ನನಗೂ ಗೊತ್ತು, ಬೇಡವೆಂದೇ ಒತ್ತಿ. ಆದರೆ ಮನೆಗೆ ಬಂದು, ನನ್ನೆದುರು ಕೂತು ಒತ್ತಿ.