ಒಳಪುಟಕ್ಕೆ ಅಚ್ಚು ಬೇಡ

ಒಂಬತ್ತನೆಯ ತಾರೀಖು, ಮಂಗಳವಾರ, ಮಧ್ಯಾಹ್ನ

ನನ್ನ ಮಗಳೇ,

ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ. ಈ ಮನೆಯಲ್ಲಿ ಬೇರೆ ಯಾರು ಕೇಳುತ್ತಾರೆ, ಅದೂ ಹಾಗೇ. ನೀನು, ನಿನ್ನ ಗಂಡ, ನಾನಿನ್ನೂ ಮುಖ ನೋಡದ ಮೊಮ್ಮಗಳು ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕವರು ಬಂದು ಎರಡು ತಿಂಗಳಾಯಿತು. ತಡವಾದದ್ದು ನನ್ನ ತಪ್ಪು. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು ನಾನು. ಒತ್ತಕ್ಷರ ಬಂದಾಗಲೆಲ್ಲ ಪೆನ್ನು ಮೊಂಡು ಕತ್ತೆಯ ಹಾಗೆ ನಿಂತುಬಿಡುತ್ತದೆ. ಇದು ಐದನೆಯ ಹಾಳೆ. ಮೊದಲಿನ ನಾಲ್ಕು ಒಲೆಗೆ ಹೋದವು.

ಕವರಿನಲ್ಲಿ ನೀನು ಇಟ್ಟದ್ದು ಎರಡು. ಹನ್ನೆರಡು ವರ್ಷದ ಹಿಂದೆ, ನೀನು ನಿನ್ನ ಇಷ್ಟದವನನ್ನು ಮದುವೆಯಾಗಿ ಹೋದ ಮೇಲೆ, ಈ ಮನೆಯಿಂದ ನಿನಗೆ ಬಂದ ಕಾಗದ. ಬರಹ ನಿಮ್ಮಪ್ಪನದು, ಕೆಳಗೆ ಸಹಿ ನನ್ನದು. ಜೊತೆಗೆ ನಿನ್ನದೊಂದು ಚೀಟಿ: "ಇದು ಮಗಳ ಕೈಗೆ ಸಿಕ್ಕಿತು. ಅಜ್ಜಿ ಯಾಕೆ ಹೀಗೆ ಬರೆದಳು ಅಂತ ಕೇಳ್ತಾಳೆ. ಏನು ಹೇಳಲಿ?" ಅದಕ್ಕೆ ಉತ್ತರ ಕೊಡದೆ ಈ ಕಾಗದ ಮುಗಿಸುವುದಿಲ್ಲ. ಆದರೆ ಸೀದಾ ಅಲ್ಲಿಗೆ ಹೋಗಲು ನನಗೂ ಧೈರ್ಯ ಸಾಲದು. ಮೊದಲು ನನ್ನ ಸುದ್ದಿ ಕೇಳು.

ಹೋದ ವರ್ಷ ನಿಮ್ಮಪ್ಪ ತೀರಿಕೊಂಡ ಮೇಲೆ ನಾನು ಕೆಲಸಕ್ಕೆ ಸೇರಿದೆ. ಹೌದು, ಈ ವಯಸ್ಸಿನಲ್ಲಿ. ಬೀದಿಯ ತಿರುವಿನ ಪ್ರಿಂಟಿಂಗ್ ಅಂಗಡಿಯವಳು ಶುಭಾಶಯದ ಕಾರ್ಡು ಮಾಡುತ್ತಾಳೆ. ಕಂಪ್ಯೂಟರಿನಿಂದ ಚಿತ್ರ ಇಳಿಸಿ ದಪ್ಪ ಹಾಳೆಯ ಮೇಲೆ ಅಚ್ಚು ತೆಗೆಯುವುದು ಅವಳ ಕೆಲಸ; ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಕಾರ್ಡು ಮಡಿಸುವುದು ನನ್ನದು. ಆ ಹಾಳೆಗಳಲ್ಲಿ ಏನಿಲ್ಲ ಹೇಳು? ಹೂವು, ಲೇಸು, ಹರಿದ ಕಾಗದದ ಅಂಚು, ಅಂಗಿಯ ಗುಂಡಿ, ದಾರದ ಹೊಲಿಗೆ. ಎಲ್ಲದರ ಕೆಳಗೂ ಒಂದು ನೆರಳನ್ನು ಅಚ್ಚು ಹಾಕಿರುತ್ತಾರೆ, ನಿಜವಾಗಿ ಎದ್ದು ನಿಂತ ಹಾಗೆ. ಮೊದಲ ದಿನ ಉಗುರಿನಿಂದ ಒಂದು ಗುಂಡಿ ಕೀಳಲು ಹೋದೆ. ಅಂಗಡಿಯವಳು ಬಿದ್ದು ಬಿದ್ದು ನಕ್ಕಳು.

"ಅದು ಚಿತ್ರ ಅಜ್ಜಿ, ಕೈಗೆ ಬರಲ್ಲ."

"ಗೊತ್ತು ಬಿಡಮ್ಮ. ಗಟ್ಟಿ ಇದೆಯಾ ಅಂತ ನೋಡ್ತಿದ್ದೆ."

ಎರಡನೆಯ ದಿನ ಮನೆಯಲ್ಲೇ ಹಿಟ್ಟು ಕುದಿಸಿ ಅಂಟು ಮಾಡಿಕೊಂಡು ಹೋದೆ. ಅದರ ತೇವಕ್ಕೆ ಅಚ್ಚಿನ ಬಣ್ಣ ಕದಡಿ ಹೂಗಳೆಲ್ಲ ನೆಗಡಿಯಾದವರ ಮೂಗಿನಂತಾದವು. ಅಂದಿನಿಂದ ಒಣ ಅಂಟುಪಟ್ಟಿಯೇ ಗತಿ. ಅದನ್ನೆಲ್ಲ ಕಲಿತೆ. ಆದರೆ ಆ ಸುಳ್ಳು ಹೊಲಿಗೆಯನ್ನು ಮಾತ್ರ ಸಹಿಸಲಾಗಲಿಲ್ಲ. ಅಚ್ಚಿನ ಗೆರೆಯ ಮೇಲೆಯೇ ಸೂಜಿ ಚುಚ್ಚಿ ನಿಜವಾದ ದಾರ ಎಳೆದೆ. ಅಚ್ಚಿನ ಗುಂಡಿಯ ಮೇಲೆ ನಿಮ್ಮಪ್ಪನ ಹಳೆಯ ಅಂಗಿಗಳ ಗುಂಡಿ ಬಿಚ್ಚಿ ಹೊಲಿದೆ.

"ಅಪ್ಪನ ಅಂಗಿ ಹಾಳು ಮಾಡ್ತಿದ್ದೀಯಲ್ಲಮ್ಮ" ಎಂದ ನಿಮ್ಮಣ್ಣ.

"ಅವರಿಗಿನ್ನು ಗುಂಡಿ ಹಾಕಿಕೊಳ್ಳೋ ಕೆಲಸ ಇಲ್ಲಪ್ಪ" ಎಂದೆ.

ಜನ ಕಾರ್ಡನ್ನು ಮುಟ್ಟಿ ಮುಟ್ಟಿ ನೋಡಿ ಕೊಂಡುಹೋದರು. ಅಂಗಡಿಯವಳ ನಗು ಅಲ್ಲಿಗೆ ನಿಂತಿತು.

ಕಳೆದ ವಾರ ಜಗಳವಾಯಿತು. ಕಾರ್ಡಿನ ಒಳಪುಟ ಯಾವಾಗಲೂ ಖಾಲಿ ಇರುತ್ತಿತ್ತು, ಕೊಂಡವರು ಬರೆದುಕೊಳ್ಳಲಿ ಎಂದು. ಈ ಸಲ ಅಲ್ಲೂ ಮಾತು ಅಚ್ಚು ಹಾಕಿ ತಂದಿದ್ದಳು: 'ನೀವಿಲ್ಲದೆ ನನ್ನ ಬಾಳು ಬರಿದು' ಎಂದು, ಜಿಲೇಬಿಯಂಥ ಅಕ್ಷರದಲ್ಲಿ. ನಲವತ್ತು ಕಾರ್ಡಿಗೂ ಅದೇ.

"ಇದು ಯಾರು ಯಾರಿಗೆ ಹೇಳಿದ್ದಮ್ಮ?" ಎಂದು ಕೇಳಿದೆ.

"ಯಾರು ಬೇಕಾದ್ರೂ ಯಾರಿಗೆ ಬೇಕಾದ್ರೂ ಹೇಳ್ಬಹುದು ಅಜ್ಜಿ. ಕೆಳಗೆ ಸಹಿ ಹಾಕಿದ್ರೆ ಮುಗೀತು."

"ಬೇರೆಯವರ ಮಾತಿನ ಕೆಳಗೆ ಸಹಿ ಹಾಕಿದ್ರೆ ಏನಾಗುತ್ತೆ ಅಂತ ನನ್ನ ಕೇಳು."

"ಜನಕ್ಕೆ ಬರೆಯೋಕೆ ಬರಲ್ಲ, ಪಾಪ."

"ಬರದಿದ್ರೆ ತಪ್ಪು ತಪ್ಪಾಗಿ ಬರೀಲಿ. ಪ್ರೀತಿ ಏನು ಪರೀಕ್ಷೆನಾ, ಮಾರ್ಕು ಕಳೆಯೋಕೆ?"

ಅವಳು ತಲೆ ಚಚ್ಚಿಕೊಂಡು ಊಟಕ್ಕೆ ಹೋದಳು. ವಾಪಸು ಬರುವಷ್ಟರಲ್ಲಿ ನಲವತ್ತು ಕಾರ್ಡಿನಿಂದಲೂ ಆ ಸಾಲನ್ನು ಕತ್ತರಿಸಿ ತೆಗೆದಿದ್ದೆ. ಒಂದೊಂದರಲ್ಲೂ ಒಂದೊಂದು ಕಿಟಕಿ. ಅವಳು ಸ್ಟೂಲಿನ ಮೇಲೆ ಕೂತು ಒಂದೊಂದೇ ಕಾರ್ಡು ಎತ್ತಿ ಆ ಕಿಟಕಿಯಲ್ಲಿ ಬೆರಳು ತೂರಿಸಿ ನೋಡಿದಳು. ಆಮೇಲೆ, "ನಾಳೆಯಿಂದ ಬರಬೇಡಿ ಅಜ್ಜಿ" ಎಂದಳು.

"ಆಗಲಿ. ಕತ್ತರಿ ನನ್ನದು, ತಗೊಂಡು ಹೋಗ್ತೀನಿ" ಎಂದು ಎದ್ದು ಬಂದೆ.

ಆರು ದಿನವಾಯಿತು, ಕರೆದಿಲ್ಲ. ಕರೆಯದಿದ್ದರೆ ಬೇಡ. ಹಿಂದೆ ಅವಳು ಮನೆಗೆ ಕೊಟ್ಟಿದ್ದ ಹಾಳೆಗಳು ಒಂದಿಷ್ಟು ಉಳಿದಿವೆ. ಮನೆಯ ಮೆಟ್ಟಿಲ ಮೇಲೆ ಹಲಗೆ ಇಟ್ಟುಕೊಂಡು ನಾನೇ ಕಾರ್ಡು ಮಾಡಿ ಮಾರಲು ಕೂತಿದ್ದೇನೆ. ನಿನ್ನೆ ಇಬ್ಬರು ಬಂದು ವಿಚಾರಿಸಿದರು. ಹಾಳೆ ಮುಗಿದರೆ ಪ್ರಪಂಚದಲ್ಲಿ ಇದೊಂದೇ ಪ್ರಿಂಟಿಂಗ್ ಅಂಗಡಿಯೇ?

ನಾನು ಬರೆಯಲು ಕೂತದ್ದನ್ನು ನೋಡಿ ನಿಮ್ಮಣ್ಣ, "ನೀನು ಹೇಳ್ತಾ ಹೋಗಮ್ಮ, ನಾನು ಟೈಪ್ ಮಾಡಿಕೊಡ್ತೀನಿ, ನೀಟಾಗಿರುತ್ತೆ. ಇಲ್ಲಾಂದ್ರೆ ಫೋನ್ ನಂಬರ್ ಹುಡುಕಿ ಕೊಡ್ತೀನಿ" ಎಂದ. ಒಳ್ಳೆಯವನೇ, ಪಾಪ. ಆದರೂ ಹಾಳೆಯ ಮೇಲೆ ಕೈ ಮುಚ್ಚಿಕೊಂಡೆ. ನಾನು ಹೇಳುವುದು, ಇನ್ನೊಬ್ಬರು ಬರೆಯುವುದು, ಈ ಜನ್ಮಕ್ಕೆ ಸಾಕು. ಕಾಗದದಲ್ಲಿ ಕೆಟ್ಟದ್ದನ್ನು ಕಾಗದದಲ್ಲೇ ಸರಿಮಾಡಬೇಕು. ಈ ಅಕ್ಷರಗಳು ಸೊಟ್ಟಗಿದ್ದರೆ ಸಂತೋಷಪಡು; ಇಷ್ಟು ಕೆಟ್ಟದಾಗಿ ನಿನ್ನ ಅಮ್ಮನಲ್ಲದೆ ಬೇರೆ ಯಾರಿಗೂ ಬರೆಯಲು ಬರುವುದಿಲ್ಲ.

ನಿನ್ನ ಮಗಳ ಕೂದಲು ದಟ್ಟವಾಗಿ ಬೆಳೆಯಲಿ, ನಾಲಿಗೆ ನನ್ನಷ್ಟು ಹರಿತವಾಗಲಿ, ಅಕ್ಷರ ಮಾತ್ರ ನಿನ್ನಂತೆ ದುಂಡಗಿರಲಿ. ನಿನ್ನ ಗಂಡನಿಗೆ ಹೇಳು, ಅತ್ತೆಯ ಬೈಗುಳ ಅವನಿಗೆಂದೇ ಎತ್ತಿಟ್ಟಿದ್ದೇನೆ, ಎದುರಿಗೆ ಬಂದರೆ ಕೊಡುತ್ತೇನೆ. ನಿಮ್ಮ ಮನೆಯಲ್ಲಿ ನಗು ತುಂಬಿರಲಿ.

ಸೊಟ್ಟ ಅಕ್ಷರದ
ನಿನ್ನ ಅಮ್ಮ

ಮರೆತು ಬಿಟ್ಟದ್ದಲ್ಲ, ಕೊನೆಗೆ ಉಳಿಸಿಕೊಂಡದ್ದು:

ಅಂದು ನಿಮ್ಮಪ್ಪನಿಗೆ ನಾನು ಹೇಳಿ ಬರೆಸಿದ್ದು ಇಷ್ಟು: 'ನಿನ್ನ ಹಾಸಿಗೆ ಇನ್ನೂ ಸುತ್ತಿಟ್ಟಿಲ್ಲ. ಅವನನ್ನೂ ಕರೆದುಕೊಂಡು ಬಾ.' ಅವರು ಬರೆದದ್ದು: 'ನನ್ನ ಪಾಲಿಗೆ ನೀನು ಸತ್ತೆ. ಈ ಮನೆಯ ಮೆಟ್ಟಿಲು ಹತ್ತಬೇಡ.' ನೀನು ಕಳಿಸಿದ ಮೇಲೆಯೇ ನಾನದನ್ನು ಓದಿದ್ದು. ಅವರು ಸತ್ತಾಗಲೂ ನೀನು ಯಾಕೆ ಬರಲಿಲ್ಲವೆಂದು ಆಗ ತಿಳಿಯಿತು.

ಎಲ್ಲವನ್ನೂ ಸತ್ತವರ ತಲೆಗೆ ಕಟ್ಟಿ ನಾನು ಕೈ ತೊಳೆದುಕೊಳ್ಳಬಹುದು. ಆದರೆ ಕೇಳಿದ್ದು ಮಗು, ಸುಳ್ಳು ಹೇಳಬಾರದು. ಸಹಿ ಹಾಕುವಾಗ ಕಾಗದ ನನ್ನ ಕೈಯಲ್ಲೇ ಇತ್ತು. ಅಕ್ಷರಕ್ಕೆ ಅಕ್ಷರ ಕೂಡಿಸಿದ್ದರೆ ನನಗೆ ಓದಲು ಬರುತ್ತಿತ್ತು. ನಾನು ಕೂಡಿಸಿ ಓದಿದಾಗಲೆಲ್ಲ ನಿಮ್ಮಪ್ಪ ನಗುತ್ತಿದ್ದರು. ಆ ನಗುವಿಗೆ ಹೆದರಿ ಓದದೆ ಸಹಿ ಹಾಕಿದೆ. ನಿನ್ನಿಂದ ಉತ್ತರ ಬರಲಿಲ್ಲವೆಂದು ಹನ್ನೆರಡು ವರ್ಷ ನಿನ್ನನ್ನೇ ಬೈದೆ. ಅಜ್ಜಿ ಅದನ್ನು ಬರೆಯಲಿಲ್ಲ, ಆದರೆ ಓದಲೂ ಇಲ್ಲ ಎಂದು ಅವಳಿಗೆ ಹೇಳು. ಇದ್ದದ್ದು ಇಷ್ಟೇ.

ಇದರ ಜೊತೆ ಒಂದು ಕಾರ್ಡು ಇಟ್ಟಿದ್ದೇನೆ. ಮೇಲಿರುವ ಗುಂಡಿ ನಿನ್ನ ಶಾಲೆಯ ಅಂಗಿಯದು. ಒಳಪುಟ ಖಾಲಿ. ಬೈಯುವುದಿದ್ದರೆ ಅದರಲ್ಲೇ ಬೈದು ಕಳಿಸು, ನಿನ್ನ ಕೈಯಿಂದಲೇ ಬರೆದು. ಇದೇ ಮೆಟ್ಟಿಲ ಮೇಲೆ ಕೂತು, ಬೀದಿಗೆಲ್ಲ ಕೇಳುವ ಹಾಗೆ, ಕೂಡಿಸಿ ಕೂಡಿಸಿ ಓದುತ್ತೇನೆ. ನಗುವವರು ನಗಲಿ.