ಹಸಿರು ಜೀಪಿಗೆ ತೆರೆದ ಕಣ್ಣು

ಹೊಳೆ ದಿಕ್ಕು ಬದಲಿಸಿದ ತೊಂಬತ್ತನೆಯ ವರ್ಷ, ಎರಡನೆಯ ಬೇಸಿಗೆಯ ಕೊನೆಯ ವಾರ
ಹೊಸಗಡ್ಡಿ

ಮುತ್ತಜ್ಜ ಗುರುಪಾದಪ್ಪನವರಿಗೆ,

ನಾನು ಚನ್ನಬಸವ್ವ ಮುದೇನೂರ. ನಿಮ್ಮಿಂದ ಏಳನೆಯ ತಲೆಮಾರಿನವಳು, ಈಗ ಈ ಮನೆಗೆ ಹಿರಿಯಳು. ನಮ್ಮ ಸಂಬಂಧಕ್ಕೆ ಸರಿಯಾದ ಹೆಸರು ಯಾರಿಗೂ ಗೊತ್ತಿಲ್ಲ, ಅದಕ್ಕೆ ಮುತ್ತಜ್ಜ ಎಂದಿದ್ದೇನೆ. ಹೈಸ್ಕೂಲಿನವರೆಗೆ ಓದಿದ್ದೇನೆ. ಮನೆಯಲ್ಲಿ ನನ್ನ ಮಾತಿಗೆ ಎದುರಿಲ್ಲ, ಊರಿನಲ್ಲಿ ತಲೆಮಣೆ ನನ್ನದು. ತಲೆಮಣೆ ಎಂದರೆ ನೀರು ಹಂಚುವ ಸಭೆಯ ಮೊದಲ ಆಸನ. ಅಲ್ಲಿ ಕೂತವಳು ತಲೆಯಾಡಿಸುವವರೆಗೆ ತೂಬು ತೆರೆಯುವಂತಿಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡ ಬರೆಯಲು ನಾನು ಸಾಕಷ್ಟು ಕಷ್ಟಪಟ್ಟಿದ್ದೇನೆ, ಓದಲು ನೀವೂ ಸ್ವಲ್ಪ ಕಷ್ಟಪಡಿ.

ಹಳೆಯ ವಸ್ತುವನ್ನು ರಿಪೇರಿ ಮಾಡಿದವರು ಅದರ ಮೊದಲ ಒಡೆಯರಿಗೆ ಏನು ಮಾಡಿದೆವೆಂದು ಬರೆದು, ಆ ಕಾಗದವನ್ನು ವಸ್ತುವಿನೊಳಗೇ ಇಡುವುದು ನಮ್ಮ ಕಾಲದ ಪದ್ಧತಿ. ಅದು ತಲುಪುತ್ತದೋ ಇಲ್ಲವೋ ನಾವು ವಿಚಾರಿಸುವುದಿಲ್ಲ. ಇದು ನಿಮ್ಮ ಜೀಪಿನ ಸೀಟಿನ ಕೆಳಗಿರುತ್ತದೆ.

ಜೀಪು ಹಿತ್ತಲಿನ ಕೊಟ್ಟಿಗೆಯಲ್ಲಿ ಇಟ್ಟಿಗೆಯ ಮೇಲೆ ನಿಂತಿತ್ತು. ಸೊಸೆ ರೇಣವ್ವ ಅದನ್ನು ಓಡಿಸುತ್ತೇನೆಂದಾಗ ನಾನು ನಂಬಲಿಲ್ಲ. ನಮ್ಮಲ್ಲಿ ಯಾರಿಗೂ ಗಾಡಿ ನಡೆಸಲು ಬರುವುದಿಲ್ಲ. ಕರೆದರೆ ತಾನೋಟ ಬರುತ್ತದೆ. ಅದು ಚಾಲಕನಿಲ್ಲದ ಡಬ್ಬಿ, ಬೀದಿಯಲ್ಲಿ ಹಾಕಿದ ಗೆರೆಯ ಮೇಲೆ ಮಾತ್ರ ಹೋಗುತ್ತದೆ. ಗೆರೆ ಮುಗಿದಲ್ಲಿ ಇಳಿದು ನಡೆಯಬೇಕು. ಗೆರೆಯೇ ಇಲ್ಲದ ಕಡೆ ಹೋಗಲೆಂದು ಮಾಡಿದ ಗಾಡಿ ಒಂದಿತ್ತು ಎಂಬುದೇ ನಮ್ಮ ಮಕ್ಕಳಿಗೆ ಸೋಜಿಗ. ರೇಣವ್ವ ಎಂಜಿನ್ನನ್ನು ಬಿಚ್ಚಿ ಹೊಂಗೆ ಎಣ್ಣೆಯಲ್ಲಿ ನೆನೆಹಾಕಿದಳು. ತುಕ್ಕು ತಿಂದ ಸ್ಪ್ರಿಂಗ್ ಪಾಟಾಗಳನ್ನೂ ಟೈರುಗಳನ್ನೂ ಅಚ್ಚುಗೂಡಿನಲ್ಲಿ ಹೊಸದಾಗಿ ತೆಗೆದಳು. ಅಚ್ಚುಗೂಡು ಬೇಕಾದ ಸಾಮಾನನ್ನು ಮನೆಯಲ್ಲೇ ಪದರಪದರವಾಗಿ ಎರೆಯುವ ಯಂತ್ರ. ಗೇರಿನ ಪಕ್ಕದ ಸಣ್ಣ ಹಿಡಿ ಏತಕ್ಕೆಂದು ಯಾರಿಗೂ ತಿಳಿದಿರಲಿಲ್ಲ. ಅದನ್ನು ಎಳೆದ ದಿನ ಮುಂದಿನ ಗಾಲಿಗಳೂ ತಿರುಗಿ, ಜೀಪು ತಿಪ್ಪೆಗುಂಡಿಯಿಂದ ತಾನೇ ಮೇಲೆ ಬಂತು. ಕ್ಲಚ್ಚಿಗೆ ಕಾಲು ಒಗ್ಗುವಷ್ಟರಲ್ಲಿ ಅವಳು ಎರಡು ಸಲ ಹಿತ್ತಲ ಗೋಡೆ ಕೆಡವಿದ್ದಳು. ನಾನು ಎರಡು ಸಲವೂ ಬೈದೆ, ಎರಡು ಸಲವೂ ಕಟ್ಟಿಸಿದೆ.

ಉಳಿದದ್ದು ಬಣ್ಣ. ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ನೆರೆ ಬಂದ ದಿನ ನೀವು ನೀಲಿ ಜೀಪಿನಲ್ಲಿ ಊರನ್ನೆಲ್ಲ ಗುಡ್ಡಕ್ಕೆ ಮುಟ್ಟಿಸಿದಿರಿ, ದಾರಿಯಲ್ಲಿ ಬನ್ನಿಮರದ ಕೊಂಬೆ ಬಿದ್ದು ಬಾನೆಟ್ಟು ತಗ್ಗಾಯಿತು ಎಂಬುದು ಇಲ್ಲಿ ಕೂಸಿಗೂ ಗೊತ್ತು. ಮಕ್ಕಳು ಇಂದಿಗೂ "ನೀಲಿ ಗಾಡಿ ಬಂತು, ಹತ್ತರಿ" ಎಂದು ಆಡುತ್ತಾರೆ. ತಲೆಮಣೆ ನಮ್ಮ ಮನೆಗೆ ಬಂದದ್ದು ಅದರಿಂದಲೇ. ನಮ್ಮ ಬಾನೆಟ್ಟಿನಲ್ಲಿ ತಗ್ಗಿಲ್ಲವಲ್ಲ ಎಂದವರಿಗೆ, ಬಡಿದು ಸರಿಮಾಡಿಸಿದ್ದಾರೆ ಎಂದು ನನ್ನ ಅತ್ತೆ ಹೇಳುತ್ತಿದ್ದರು. ನಾನೂ ಹೇಳುತ್ತ ಬಂದೆ.

ಬಣ್ಣ ಹಚ್ಚುವ ಮುಂಚೆ ಕಣ್ಣು ತೆರೆಯಬೇಕು. ಅಂದರೆ, ಊರವರ ಎದುರು ಹೆಬ್ಬೆರಳಗಲದ ಜಾಗವನ್ನು ಒದ್ದೆ ಕಲ್ಲಿನಿಂದ ಕಬ್ಬಿಣದವರೆಗೆ ಉಜ್ಜುವುದು. ಹಚ್ಚಿದ ಬಣ್ಣವೆಲ್ಲ ಉಂಗುರದೊಳಗೆ ಉಂಗುರವಾಗಿ ಕಾಣುತ್ತದೆ. ತೆರೆದ ಕಣ್ಣನ್ನು ಮತ್ತೆ ಯಾರೂ ಮುಚ್ಚುವಂತಿಲ್ಲ. ಇದಕ್ಕೆ ನಾನು ಕಾಳವ್ವ ಬಡಿಗೇರಳನ್ನು ಬೇಕೆಂದೇ ಕರೆಸಿದೆ. ನಿಮ್ಮ ನೆರೆಮನೆಯ ಮೌನೇಶಪ್ಪ ಬಡಿಗೇರನ ವಂಶದವಳು. ನೀಲಿ ಜೀಪು ತಮ್ಮದು, ಅದರ ಬಾನೆಟ್ಟು ಇನ್ನೂ ತಮ್ಮ ಕೋಳಿಗೂಡಿನ ಮುಚ್ಚಳವಾಗಿದೆ ಎಂದು ಎಲ್ಲರ ಮುಂದೆ ಹೇಳುತ್ತಿದ್ದಳು. ನಾನು ಒಮ್ಮೆಯೂ ಹೋಗಿ ನೋಡಿರಲಿಲ್ಲ. ಕೋಳಿಗೂಡು ನೋಡಲು ತಲೆಮಣೆಯವಳು ಹೋಗುವುದೇ?

ರೇಣವ್ವ ಉಜ್ಜಿದಳು. ಮೊದಲು ಬಿಳಿ ಬಂತು, ಅದರೊಳಗೆ ಕೆಂಪು, ಅದರೊಳಗೆ ಹಸಿರು. ಹಸಿರಿನ ಕೆಳಗೆ ಕಾರ್ಖಾನೆಯ ಕಂದು ಬಣ್ಣ, ಆಮೇಲೆ ಕಬ್ಬಿಣ. ಬಾಗಿಲ ಸಂದಿನಲ್ಲಿ ಉಜ್ಜಿಸಿದೆ, ಸೀಟಿನ ಕೆಳಗೆ ಉಜ್ಜಿಸಿದೆ. ನೀಲಿ ಎಲ್ಲೂ ಇಲ್ಲ. ಕಾಳವ್ವ ನಗಲಿಲ್ಲ. ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, "ಹಸಿರೂ ಛಲೋ ಬಣ್ಣನ ಬಿಡ್ರಿ, ಅವ್ವಾರ" ಅಂದಳು. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಬೆಳಿಗ್ಗೆ ಅವಳ ಹಿತ್ತಲಿಗೆ ಹೋದೆ. ಮುಚ್ಚಳ ಬಾನೆಟ್ಟೇ ಹೌದು, ನೀಲಿಯೇ ಹೌದು. ನಡುವೆ ತೊಡೆ ಗಾತ್ರದ ಕೊಂಬೆ ಬಿದ್ದಂಥ ಉದ್ದನೆಯ ತಗ್ಗು. ಅದರಲ್ಲಿ ನೀರು ತುಂಬಿಸಿಟ್ಟಿದ್ದಳು, ಎರಡು ಹೇಂಟೆ ಕುಡಿಯುತ್ತಿದ್ದವು. ಮನೆಗೆ ಬಂದು ನಮ್ಮ ಬಾನೆಟ್ಟಿನ ಅಡಿಗೆ ಕೈಯಾಡಿಸಿದೆ. ಸುತ್ತಿಗೆಯ ಪೆಟ್ಟು ಒಂದೂ ಇಲ್ಲ.

ಮಗ ಸಂಗನಬಸು ಒಳ್ಳೆಯವನು, ಆದರೆ ಅವನಿಗೆ ತಲೆಮಣೆಯ ಮೇಲೆ ಬಹಳ ಆಸೆ. ನನ್ನ ನಂತರ ಅದು ಅವನ ಹೆಂಡತಿ ರೇಣವ್ವನಿಗೆ ಬರಬೇಕು. "ನೀಲಿನ ಹಚ್ಚಿಬಿಡೂಣು ಅವ್ವಾ. ಊರಿಗೂ ನೀಲಿನ ಬೇಕಾಗೇತಿ" ಅಂದ. ಕಾಳವ್ವನ ಬಾನೆಟ್ಟು ಕೇಳಿ ತಂದು ನಮ್ಮ ಜೀಪಿಗೆ ಕೂಡಿಸಿದರೆ ಎರಡೂ ಮನೆಯ ಮಾನ ಉಳಿಯುತ್ತದೆಂದೂ ಸೂಚಿಸಿದ. ಅವಳಿಗೆ ಹೇಳಿಕಳಿಸಿಯೂ ಬಿಟ್ಟ. ಕೋಳಿಗಳು ಎಲ್ಲಿ ನೀರು ಕುಡಿಯಬೇಕು ಎಂದು ಅವಳು ತಿರುಗಿ ಕೇಳಿದಳಂತೆ. ನಾನು ಮಗನಿಗೆ, "ತೆರೆದ ಕಣ್ಣು ಮುಚ್ಚೂದು ಈ ಮನಿಯೊಳಗ ಆಗಂಗಿಲ್ಲ" ಎಂದಷ್ಟೇ ಹೇಳಿದೆ.

ನೀವು ಸುಳ್ಳು ಹೇಳಿದಿರಿ ಎಂದು ನಾನು ತಿಳಿದುಕೊಂಡಿಲ್ಲ. ನೆರೆಯ ದಿನ ನೀವು ಎಲ್ಲಿದ್ದಿರೋ ನಮಗೆ ಯಾರೂ ಹೇಳಿಲ್ಲ. ಬಡಿಗೇರರ ಜೀಪು ಕೆಟ್ಟು ಕೋಳಿಗೂಡಾಯಿತು, ನಿಮ್ಮದು ಉಳಿಯಿತು. ಕಥೆ ಉಳಿದ ಜೀಪನ್ನು ಹತ್ತಿಕೊಂಡಿರಬೇಕು. ಆದರೆ ನಿಮ್ಮ ಜೀಪು ಏನು ಮಾಡುತ್ತಿತ್ತೆಂದು ನನಗೆ ಈಗ ಗೊತ್ತು. ನೆಲದ ತಗಡು ಎತ್ತಿದಾಗ ಸಂದಿಯ ತುಂಬ ಮೆಣಸಿನಕಾಯಿ ಬೀಜವಿತ್ತು. ಇಷ್ಟು ಕಾಲದ ಮೇಲೂ ಘಾಟು ಹೋಗಿರಲಿಲ್ಲ, ರೇಣವ್ವ ಮಧ್ಯಾಹ್ನದವರೆಗೆ ಸೀನಿದಳು. ನೀವು ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೇರುತ್ತಿದ್ದಿರಿ. ಎರೆಮಣ್ಣಿನ ಕೆಸರಿನಲ್ಲಿ, ಗೆರೆಯಿಲ್ಲದ ದಾರಿಯಲ್ಲಿ ಅದು ಸಣ್ಣ ಕೆಲಸವಲ್ಲ. ನಾಚಿಕೆಪಡುವಂಥದ್ದಂತೂ ಅಲ್ಲವೇ ಅಲ್ಲ. ಒಂದೇ ಕೋರಿಕೆ: ಅದನ್ನು ನಿಮ್ಮ ಬಾಯಿಂದಲೇ ಮಕ್ಕಳಿಗೆ ಹೇಳಿ. ನೀವು ಸುಮ್ಮನಿದ್ದರೆ ಅವರು ನೆರೆಮನೆಯ ಕಥೆ ತಂದು ನಿಮ್ಮ ಹೆಸರಿಗೆ ಹಚ್ಚುತ್ತಾರೆ. ಅದನ್ನು ಇಳಿಸುವ ಕೆಲಸ ನನ್ನಂಥವಳ ಪಾಲಿಗೆ ಬರುತ್ತದೆ.

ಜೀಪಿಗೆ ಹಸಿರು ಹಚ್ಚಿಸಿದ್ದೇನೆ. ಕಣ್ಣು ಹಾಗೆಯೇ ಇದೆ. ಕಳೆದ ನೀರುಸಭೆಯ ದಿನ ರೇಣವ್ವ ಅದನ್ನು ನಡೆಸಿಕೊಂಡು ಹೋದಳು, ನಾನು ಪಕ್ಕದಲ್ಲಿ ಕೂತು ಕಾಳವ್ವನ ಮನೆಗೆ ಹೋದೆ. ತಲೆಮಣೆಗೆ ಬಾ ಎಂದರೆ, ಅದು ಎತ್ತರ, ತನ್ನ ಮೊಣಕಾಲು ಬಗ್ಗುವುದಿಲ್ಲ ಎಂದು ಅವಳು ತಕರಾರು ತೆಗೆದಳು. ನನ್ನ ಮೊಣಕಾಲೂ ಬಗ್ಗುವುದಿಲ್ಲ, ಇಷ್ಟು ವರ್ಷ ಹತ್ತಿದ್ದೇನೆ ಎಂದು ಹೇಳಿ ಕೈಹಿಡಿದು ಜೀಪಿಗೆ ಹತ್ತಿಸಿದೆ. ಸಭೆ ಎದ್ದು ನಿಂತು ನೋಡುತ್ತಿರುವಾಗ ಅವಳನ್ನು ತಲೆಮಣೆಯ ಮೇಲೆ ಕೂಡಿಸಿ, ಕಾರಣವನ್ನು ನಾನೇ ಹೇಳಿದೆ. ಸಂಗನಬಸು ಆ ದಿನ ಊಟ ಮಾಡಲಿಲ್ಲ, ಮರುದಿನ ಮಾಡಿದ.

ಈಗ ನಾನು ಎರಡನೆಯ ಸಾಲಿನಲ್ಲಿ ಕಂಬದ ಪಕ್ಕ ಕೂರುತ್ತೇನೆ. ಅಲ್ಲಿಂದ ತೂಬು ಕಾಣುವುದಿಲ್ಲ, ಕಾಳವ್ವ ತಲೆಯಾಡಿಸುವುದು ಕಾಣುತ್ತದೆ. ನನಗಿಂತ ನಿಧಾನ ಮಾಡುತ್ತಾಳೆ. ನಾನು ಕಾಯುತ್ತೇನೆ.